ಸೈರನ್ ಊದದ ದೇವರು

ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಾತ ಗೇಟ್ ಆಪರೇಟರ್, ಪಕ್ಕಾ ನಾಸ್ತಿಕ. ಅವ್ವ ಊದುಬತ್ತಿ ಹಚ್ಚಿದರೆ ಸಾಕು, ತನ್ನ ಮನೆಯ ಕಟ್ಟೆಯ ಮೇಲಿಂದಲೇ ಕೆಣಕುತ್ತಿದ್ದ: "ನದಿಗೆ ನೀರು ಬಿಡೋಕಿಂತ ಮೊದ್ಲು ನಾವು ಸೈರನ್ ಊದ್ತೀವ್ರಿ. ನಿಮ್ಮ ದೇವ್ರು ಒಮ್ಮೆರ ಊದ್ಯಾನೇನು? ನಾ ನಂಬಲಿಲ್ಲಂದ್ರ ತಪ್ಪು ನಂದಾ?"

"ನಿಂದಾ! ಕಿವಿ ಕೊಟ್ರ ಕೇಳಸ್ತೈತಿ," ಎನ್ನುತ್ತಲೇ ಅವ್ವ ಅವನಿಗೂ ಚಹಾ ಸೋಸುವಳು.

ಒಂದು ಸಂಜೆ ನಮ್ಮ ಪಡಸಾಲೆಯಲ್ಲಿ ಇದೇ ಜಗಳ ನಡೆದಾಗ ಬಾಗಿಲು ಬಡಿದ ಸದ್ದಾಯಿತು. ಆತ ಲೋಟ ಕೆಳಗಿಟ್ಟು ಓಡಿಹೋಗಿ ತೆಗೆದ. ಹೊರಗೆ ಡ್ಯಾಮಿನ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ.

ಅವ್ವ ಕೂತಲ್ಲಿಂದಲೇ ನಕ್ಕಳು: "ಭಾಳ ಜಲ್ದಿ ಓಡಿದೆಲ್ಲಪಾ! ಸೈರನ್ ಕೇಳಿಸ್ತೇನು?"

ಆತ ಬಾಗಿಲಲ್ಲೇ ನಿಂತು ಹೊರಗೆ ನೋಡುತ್ತಿದ್ದ.

"ನಂಬಲಾರದ ನಾನ ಎದ್ದೆ. ನಂಬೋ ನೀವ್ಯಾಕ ಏಳ್ಲಿಲ್ರಿ?"