ಒಂದೂಕಾಲು ಪಟ್ಟು

ಕಂಬಿ ಪರೀಕ್ಷಿಸುವ ಆ ಮನುಷ್ಯನಿಗೆ ಕರುಳೆಂಬುದೇ ಇರಲಿಲ್ಲ. ಕಟ್ಟಡಕ್ಕೆ ಹಾಕುವ ಕಂಬಿಗಳ ಬೆಸುಗೆಯನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆದು ನೋಡುವುದು ಅವನ ಕೆಲಸ. ಕಂಬಿ ಸೋಲತೊಡಗುವ ಬಲದ ಒಂದೂಕಾಲು ಪಟ್ಟನ್ನು ಬೆಸುಗೆ ತಾಳಬೇಕು, ತಾಳದಿದ್ದರೆ ಫೇಲ್. ಮೂವತ್ತು ವರ್ಷ ಅವನು ಯಂತ್ರದ ಮುಳ್ಳಿನಿಂದ ಕಣ್ಣು ಕದಲಿಸಿದವನಲ್ಲ.

ಒಮ್ಮೆ ಸ್ವಂತ ತಮ್ಮನ ಬೆಸುಗೆಯೇ ಬಂತು. ತಮ್ಮ ಹಿಂದೊಮ್ಮೆ ಫೇಲಾದವನು. ಈ ಸಲವೂ ಆದರೆ ಕೆಲಸಕ್ಕೆ ಎಳ್ಳುನೀರು.

“ಅಣ್ಣಾ, ಕೂದಲೆಳೆಯಷ್ಟು ಕಮ್ಮಿ ಬಂದ್ರೆ ನೋಡ್ದೇ ಇರೋ ಹಾಗೆ ಇದ್ಬಿಡು.”

“ಆ ಕಟ್ಟಡದೊಳಗೆ ಮಲಗೋರನ್ನ ಕೇಳ್ಕೊಂಡು ಬಾ.”

ಕೂದಲೆಳೆಯ ಮಾತೇ ಬರಲಿಲ್ಲ. ಬೆಸುಗೆ ಎಷ್ಟೋ ಮೊದಲೇ ತುಂಡಾಯಿತು. ಅಣ್ಣ ‘ಫೇಲ್’ ಎಂದು ಬರೆದು ಸಹಿ ಹಾಕಿದ. ತಮ್ಮನ ಕೆಲಸ ಹೋಯಿತು. “ಇನ್ಮೇಲೆ ನಿನ್ನ ಯಂತ್ರಾನೇ ಅಮ್ಮಾ ಅಂತ ಕರಿ,” ಎಂದ ತಾಯಿ ಸಾಯುವವರೆಗೂ ಅವನೊಡನೆ ಮಾತಾಡಲಿಲ್ಲ.

ಅವಳಿಗೆ ಯಾರೂ ಹೇಳದೆ ಉಳಿದ ಸಂಗತಿಯೊಂದಿತ್ತು. ಅಂದು ಮುಳ್ಳು ಏರತೊಡಗಿದಾಗ ಅವನು ಸಹಾಯಕಿಗೆ, “ನೀನೇ ಓದಮ್ಮ,” ಎಂದು ಹೇಳಿ ಗೋಡೆಯ ಕಡೆ ತಿರುಗಿ ನಿಂತಿದ್ದ. ಬೆಸುಗೆ ತುಂಡಾದ ಸದ್ದು ಕೇಳಿದ ಮೇಲೂ ಬಹಳ ಹೊತ್ತು ಅವನು ಇತ್ತ ತಿರುಗಲಿಲ್ಲ.