ಅಪ್ಪ ಒತ್ತಿದ ಕಾಲುಗಳು

ಮಹಾಜನರೇ, ನಿನ್ನೆ ನಾನೊಂದು ವಂಚನೆ ಮಾಡಿದೆ. ತೆಲಿಗಿಯಿಂದ ಬೈಕಿನಲ್ಲಿ ಬಂದವನು, ನಮ್ಮ ಸೀಮೆಯದೇ ಅರಸೀಕೆರೆಯ ಬಳಿಯ ಶಾಮಿಯಾನದಲ್ಲಿ, ಕೊಟ್ಟೂರಿಗೆ ನಡೆದು ಹೊರಟಿದ್ದ ಭಕ್ತರ ಸಾಲಿಗೆ ಕುಂಟುತ್ತ ಹೋಗಿ ಕಾಲು ಚಾಚಿ ಕೂತೆ. ಅದು ಅಕ್ಷರಶಃ ಕುಂಟುನೆಪ. ಸೇವೆಗೆ ನಿಂತಿದ್ದ ಹಿರಿಯರೊಬ್ಬರು ಬಿಸಿನೀರು ಹುಯ್ದು, ನೀಲಗಿರಿ ಎಣ್ಣೆ ಹಚ್ಚಿದರು. ನನಗೆ ಬೇಕಿದ್ದುದು ಆ ವಾಸನೆ.

ಅದು ಅಪ್ಪನ ವಾಸನೆ. ಪಾದಯಾತ್ರೆಯ ದಿನಗಳಲ್ಲಿ ಅಪ್ಪ ತನ್ನ ಹಿಟ್ಟಿನ ಗಿರಣಿಗೆ ಬೀಗ ಹಾಕಿ, ಇಂಥದೇ ಶಾಮಿಯಾನದಲ್ಲಿ ಕೂತು ಗುರುತಿಲ್ಲದವರ ಕಾಲು ಒತ್ತುತ್ತಿದ್ದ. ಯಾರ ಹೆಸರನ್ನೂ ಕೇಳಬಾರದು ಎಂಬುದು ಅವನ ನೇಮ. "ಚಾಚ್ರಿ, ನಾಚಬ್ಯಾಡ್ರಿ." ಅಷ್ಟೇ ಮಾತು.

ಮನೆಗೆ ಬಂದರೆ ಅವ್ವ ಕೆಣಕುತ್ತಿದ್ದಳು: "ಊರ ಮಂದಿ ಕಾಲೆಲ್ಲ ಹಿಡಿದ್ರಿ, ಮನಿ ಮಂದೀದು?" ಅಪ್ಪ ನಿಜಕ್ಕೂ ಅವಳ ಕಾಲು ಹಿಡಿದುಬಿಡುತ್ತಿದ್ದ. "ಅಯ್ಯ ಬಿಡ್ರಿ, ಹುಡುಗ್ರು ನೋಡ್ತಾವು!" ನಾವೋ, ನಿದ್ದೆ ನಟಿಸುತ್ತ, ಹೊದಿಕೆಯಾಚೆ ಕಾಲು ಹಾಕಿ ನಮ್ಮ ಸರದಿ ಕಾಯುತ್ತಿದ್ದೆವು. ಹಿಮ್ಮಡಿಯ ಮೇಲೆ ಅವನ ಹೆಬ್ಬೆರಳು ಊರಿತೆಂದರೆ ನಟನೆಯ ನಿದ್ದೆ ನಿಜವಾಗುತ್ತಿತ್ತು.

ನಿನ್ನೆ ಕಣ್ಣು ಮುಚ್ಚಿ ಕೂತಿದ್ದಾಗ ಅದೇ ಹೆಬ್ಬೆರಳು ಹಿಮ್ಮಡಿಯ ಮೇಲೆ ಊರಿತು. ಕೈಮುಗಿಯೋಣವೆಂದು ಕಣ್ಣು ತೆರೆದರೆ, ಆ ಹಿರಿಯರು ಆಗಲೇ ಶಾಮಿಯಾನದ ಆಚೆ ತುದಿಯಲ್ಲಿ ಬೇರೆಯವರ ಕಾಲು ತೊಳೆಯುತ್ತಿದ್ದರು. ನನ್ನ ಹಿಮ್ಮಡಿಯ ಮೇಲಿನ ಒತ್ತು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ದೆವ್ವ-ಗಿವ್ವ ನಂಬದ ಧೀರ ನಾನು. ಸ್ಮಶಾನದ ಪಕ್ಕದಲ್ಲೇ ಮನೆ ಕಟ್ಟಿದವನು. ಆದರೆ ಅಪ್ಪ ತೀರಿಕೊಂಡಾಗಿನಿಂದ ಹೆಂಡತಿ, "ಚಳಿ ಐತ್ರಿ, ಕಾಲು ಹೊದಿಕಿ ಒಳಗ ಎಳ್ಕೊಳ್ರಿ" ಎಂದು ರಾತ್ರಿ ರಾತ್ರಿ ಬೈಯುತ್ತಲೇ ಇದ್ದಾಳೆ.

ನಾನು ಎಳೆದುಕೊಳ್ಳುವುದಿಲ್ಲ.