ಹಸಿರು ರಾಟವಾಳ

ನಮ್ಮ ಮಾವನವರನ್ನು ಮೈಸೂರಿನಲ್ಲಿ ನಾಲ್ಕು ಜನ ಪಕ್ಷಿಪ್ರೇಮಿ ಎಂದು ಕರೆಯುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅವರು ಹೋಗಿ ಎಷ್ಟೋ ವರ್ಷಗಳಾದವು, ಈಗಲೂ ಉರಿಯುತ್ತದೆ. ಮನೆಯ ಹಿರಿಯರ ಬಗ್ಗೆ ಹೀಗೆಲ್ಲ ಬರೆಯಬಾರದು ಎನ್ನುವವರು ಬೇಕಾದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಲಿ.

ನಾನು ಸೊಸೆಯಾಗಿ ಆ ಮನೆಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಚಾಮುಂಡಿಪುರದಲ್ಲಿ ಹೆಂಚಿನ ಮನೆ, ಮುಂದೆ ಕೈತೋಟ. ದಾಸವಾಳ, ನಂದಿಬಟ್ಟಲು, ಒಂದು ಸೀಬೆ ಮರ, ಸುತ್ತ ಗೋರಂಟಿಯ ಬೇಲಿ. ಮಾವನವರದು ಜವಳಿ ವ್ಯಾಪಾರ. ನಮ್ಮ ಮದುವೆಯಾದ ಮೇಲೆ ಅಂಗಡಿಯನ್ನು ನನ್ನ ಗಂಡನಿಗೆ ಒಪ್ಪಿಸಿಬಿಟ್ಟರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಪತ್ರಿಕೆ ಓದಿದ ಮೇಲೆ ಅವರಿಗೆ ಇಡೀ ದಿನ ಖಾಲಿ. ಆ ಖಾಲಿ ದಿನಗಳಿಗೆಂದು ಒಂದು ಕ್ಯಾಮೆರಾ ಕೊಂಡರು. ಜೊತೆಗೆ ಮೂರು ಕಾಲಿನ ಸ್ಟ್ಯಾಂಡು, ಬಿಸಿಲಿಗೆ ಒಂದು ಟೋಪಿ.

ತೋಟದಲ್ಲಿ ಹಕ್ಕಿಗಳಿಗೇನೂ ಕೊರತೆ ಇರಲಿಲ್ಲ. ದಾಸವಾಳಕ್ಕೆ ಸೂರಕ್ಕಿ ಬರುತ್ತಿತ್ತು. ಸೀಬೆಹಣ್ಣು ಕಚ್ಚಿ ಬೀಳಿಸಲು ಪಿಕಳಾರಗಳು ಬರುತ್ತಿದ್ದವು. ಆದರೆ ಅವು ಮಾವನವರು ಹೇಳಿದ ಕಡೆ ಕೂರುತ್ತಿರಲಿಲ್ಲ. ಅಂಗಡಿಯ ಆಳುಗಳನ್ನು ಗದರಿಸಿ ಅಭ್ಯಾಸವಾಗಿದ್ದ ಮನುಷ್ಯ ಹಕ್ಕಿಗಳನ್ನೂ ಗದರಿಸುತ್ತಿದ್ದರು. "ಏ, ಈ ಕಡೆ ತಿರುಗೇ!" ಎಂದು ಕೂಗುತ್ತಿದ್ದರು. ಸೂರಕ್ಕಿ ಹಾರಿಹೋದರೆ ನಶ್ಯ ಏರಿಸಿಕೊಂಡು, "ಮೈಸೂರಿನ ಹಕ್ಕಿಗಳಿಗೆ ಶಿಸ್ತೇ ಇಲ್ಲ" ಎನ್ನುತ್ತಿದ್ದರು. ನಶ್ಯದ ಸೀನಿಗೆ ಉಳಿದವೂ ಎದ್ದುಹೋಗುತ್ತಿದ್ದವು.

ಹೀಗೆ ಒಂದೆರಡು ತಿಂಗಳು ಬರೀ ಎಲೆಗಳ ಫೋಟೋ ತೆಗೆದ ಮೇಲೆ ಅವರು ಸುಲಭದ ದಾರಿ ಕಂಡುಕೊಂಡರು. ಮಂಡಕಳ್ಳಿ ಕಡೆಯ ರಾಗಿ ಹೊಲಗಳಲ್ಲಿ ಬಲೆ ಹಾಕಿ ಹಕ್ಕಿ ಹಿಡಿದು ಪೇಟೆಯಲ್ಲಿ ಮಾರುವವನೊಬ್ಬ ಇದ್ದ. ಅವನಿಂದ ಹಕ್ಕಿಗಳನ್ನು ಬುಟ್ಟಿಯಲ್ಲಿ ತರಿಸತೊಡಗಿದರು.

"ಹೊಲಿಗೆ ಮಿಷಿನ್ನಿನ ದಾರ ಕೊಡಮ್ಮ. ಬಿಳೀದು ಬೇಡ, ಫೋಟೋದಲ್ಲಿ ಕಂಡುಬುಡುತ್ತೆ."

ನನ್ನ ತವರಿನವರು ಕೊಟ್ಟ ಮಿಷಿನ್ನು ಅದು. ಆ ದಾರದಿಂದ ಹಕ್ಕಿಯ ಕಾಲನ್ನು ಸೀಬೆ ಕೊಂಬೆಗೆ ಬಿಗಿದು, ಗಂಟಿನ ಮೇಲೆ ಒಂದು ಎಲೆ ಮುಚ್ಚಿ, ಹಕ್ಕಿ ಒದ್ದಾಡಿ ಸುಸ್ತಾಗುವವರೆಗೆ ಕುರ್ಚಿಯಲ್ಲಿ ಕಾಯುತ್ತಿದ್ದರು. ಸುಸ್ತಾಗಿ ಕೂತದ್ದನ್ನು ಫೋಟೋ ಹಿಡಿಯುತ್ತಿದ್ದರು. ಆಮೇಲೆ ಒಳಗೆ ಹೋಗಿ ಮಲಗುತ್ತಿದ್ದರು. ದಾರ ಬಿಚ್ಚುವುದು ನನ್ನ ಪಾಲಿನ ಕೆಲಸ. ಕೆಲವು ಹಾರಿಹೋಗುತ್ತಿದ್ದವು. ಕೆಲವನ್ನು ನಾನು ಬೇಲಿಯ ಬುಡದಲ್ಲಿ ಹೂತಿದ್ದೇನೆ.

ಭಾನುವಾರ ಅವರ ಸ್ನೇಹಿತರು ಬರುವರು. ಎಲ್ಲರೂ ಕ್ಯಾಮೆರಾ ಇಟ್ಟುಕೊಂಡ ದೊಡ್ಡ ಮನುಷ್ಯರೇ. ನಾನು ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ನಿಂತಿರುವಾಗ ಅವರಲ್ಲೊಬ್ಬರು, "ಏನು ತಾಳ್ಮೆ ಸ್ವಾಮಿ ನಿಮ್ದು! ಇಷ್ಟು ಹತ್ತಿರ ಹೇಗೆ ಬಿಟ್ಕೊಳ್ತವೆ?" ಎಂದು ಕೇಳುವರು.

"ಅದರ ನಂಬಿಕೆ ಗಳಿಸಬೇಕು ಕಣ್ರೀ," ಎನ್ನುವರು ಮಾವನವರು. "ನನ್ನ ಕಂಡ್ರೆ ಅವಕ್ಕೆ ಭಯವೇ ಇಲ್ಲ."

ಒಂದು ಸಲ ಬುಟ್ಟಿಯಲ್ಲಿ ಹಸಿರು ಹಕ್ಕಿಯೊಂದು ಬಂತು. ಗುಬ್ಬಚ್ಚಿಗಿಂತ ಚಿಕ್ಕದು, ಗಿಡ್ಡ ಕೊಕ್ಕು, ಮೈಯೆಲ್ಲ ಪಚ್ಚೆ. ಹಸಿರು ರಾಟವಾಳ, ಬಹಳ ಅಪರೂಪ ಎಂದು ಮಾರಿದವನು ಹೇಳಿದ್ದನಂತೆ. ರಾಟವಾಳಗಳು ನನಗೆ ಹೊಸತಲ್ಲ. ನಮ್ಮೂರಿನ ರಾಗಿ ಹೊಲದಲ್ಲಿ ಹಿಂಡುಗಟ್ಟಲೆ ಇಳಿಯುವ ಕಂದು ಹಕ್ಕಿಗಳು ಅವು. ಹಸಿರಿನದನ್ನು ನಾನು ಕಂಡಿರಲಿಲ್ಲ. ಮಾವನವರು ಹಿಗ್ಗಿ ಫೋಟೋ ತೆಗೆದರು. ಕಪ್ಪುಬಿಳುಪಿನ ಆ ಫೋಟೋಗೆ ಸ್ಟುಡಿಯೋದವರಿಂದ ಹಸಿರು ಬಣ್ಣ ಹಚ್ಚಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದರು.

ಫೋಟೋ ತೆಗೆದ ದಿನವೇ ಸಂಜೆ ನಾನು ಹಕ್ಕಿಯ ದಾರ ಬಿಚ್ಚಿ, ಕುಡಿಯಲೆಂದು ಬಟ್ಟಲಲ್ಲಿ ನೀರಿಟ್ಟೆ. ಅದು ಕುಡಿದದ್ದಷ್ಟೇ ಅಲ್ಲ, ಒಳಗೇ ಇಳಿದು ರೆಕ್ಕೆ ಬಡಿದು ಸ್ನಾನ ಮಾಡಿತು. ನೀರು ಹಸಿರಾಯಿತು. ಹಸಿರಿನ ಕೆಳಗಿಂದ ನಮ್ಮೂರಿನ ಕಂದು ಎದೆ ಕಾಣಿಸಿತು. ಕಂದು ಹಕ್ಕಿಯನ್ನು ಕೊಳ್ಳುವವರಿಲ್ಲವೆಂದು ಮಾರುವವನು ಬಣ್ಣ ಬಳಿದಿದ್ದ!

ಓಡಿಹೋಗಿ ಅತ್ತೆಗೆ ತೋರಿಸಿದೆ. ಅವರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು.

"ಸುಮ್ನಿರಮ್ಮ. ನಿಮ್ಮ ಮಾವ ನಾವು ಹೇಳಿದ್ದನ್ನ ಯಾವತ್ತು ಕೇಳವ್ರೆ?"

ಗಂಡನಿಗೆ ಹೇಳಿದರೆ ಅವರು ಅಂಗಡಿಯ ಬೀಗದ ಕೈ ಎಣಿಸುತ್ತಾ, "ಅಪ್ಪಾಜಿ ಖುಷಿಯಾಗವ್ರೆ, ಇರ್ಲಿ ಬುಡು" ಎಂದರು.

ಖುಷಿ ಊರಿಗೆಲ್ಲ ಹರಡಿತು. ಹರಡಿ ಹರಡಿ ಬೇರೆ ಊರಿನ ಕಾಲೇಜಿನ ಒಬ್ಬ ಪ್ರೊಫೆಸರರನ್ನು ತಲುಪಿತು. ಹಕ್ಕಿಗಳ ವಿಷಯದಲ್ಲಿ ದೊಡ್ಡ ವಿದ್ವಾಂಸರಂತೆ. ಅಂಥ ರಾಟವಾಳ ಈ ಸೀಮೆಯಲ್ಲಿ ಇರುವುದೇ ಇಲ್ಲ, ಕಣ್ಣಾರೆ ನೋಡಬೇಕು ಎಂದು ಸ್ನೇಹಿತರ ಮೂಲಕ ಹೇಳಿಕಳಿಸಿದರು. ಮಾವನವರು ಮತ್ತೆ ಬುಟ್ಟಿ ತರಿಸಿದರು. ನನಗೆ ಒಳಗೊಳಗೇ ಸಂತೋಷ. ಓದಿದವರೊಬ್ಬರು ಬರುತ್ತಿದ್ದಾರೆ, ಇನ್ನು ಈ ನಾಟಕ ಮುಗಿಯಿತು ಎಂದುಕೊಂಡೆ.

ಅವರು ಬಂದ ದಿನ ಹಸಿರು ಹಕ್ಕಿಯನ್ನು ಬೆಳಿಗ್ಗೆಯೇ ಕೊಂಬೆಗೆ ಕಟ್ಟಿಯಾಗಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ನಾನು ಅಗಲವಾದ ಬಟ್ಟಲಿನ ತುಂಬ ನೀರು ತಂದು ಹಕ್ಕಿಗೆ ಎಟುಕುವಂತೆ ಕೊಂಬೆಯ ಕವಲಿನಲ್ಲಿ ಇಟ್ಟೆ. ಬೇಕೆಂದೇ ಇಟ್ಟೆ. ಮಾವನವರು, "ಒಳ್ಳೇ ಕೆಲಸ ಮಾಡ್ದೆ, ನೀರು ಕುಡಿಯೋ ಹಾಗೆ ಒಂದು ತೆಗೀಬಹುದು" ಎಂದರು.

ಪ್ರೊಫೆಸರರು ಕನ್ನಡಕ ಸರಿಮಾಡಿಕೊಂಡು ಮರದ ಹತ್ತಿರ ಬಂದರು. ಹಕ್ಕಿ ನೀರಿಗೆ ಇಳಿದು ಪಟಪಟ ರೆಕ್ಕೆ ಬಡಿಯಿತು. ಹಸಿರು ಹನಿಗಳು ಅವರ ಬಿಳಿ ಅಂಗಿಯ ತೋಳಿಗೇ ಸಿಡಿದವು. ಅವರು ಬಟ್ಟಲಲ್ಲಿ ಬೆರಳದ್ದಿ ನೋಡಿದರು. ಬಗ್ಗಿ ಹಕ್ಕಿಯ ಕಾಲು ನೋಡಿದರು. ದಾರ ಕೊಯ್ದು ಕಾಲು ಊದಿಕೊಂಡಿತ್ತು.

"ಅಪರೂಪದ ಜಾತಿ ನೋಡಿ," ಎಂದರು ಮಾವನವರು, ಒಂದಿಷ್ಟೂ ಅಳುಕದೆ. "ಬಿಸಿಲು ಜಾಸ್ತಿಯಾದ್ರೆ ಹೀಗೆ ಬಣ್ಣ ಬಿಡುತ್ತೆ."

ಪ್ರೊಫೆಸರರು ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡರು. "ಹೌದು ಹೌದು, ಬಹಳ ಅಪರೂಪ," ಎಂದರು.

ಆಮೇಲೆ ಒಳಗೆ ಬಂದು ಕೂತು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ಹೊಗಳಿದರು. ನನ್ನ ಕೈಯಲ್ಲಿದ್ದ ಕಾಫಿಯನ್ನು ಅವರ ತಲೆಯ ಮೇಲೆ ಸುರಿಯುವಷ್ಟು ಸಿಟ್ಟು ನನಗೆ. ಮಾವನವರದಾದರೋ ಏನೂ ಗೊತ್ತಿಲ್ಲದ ದೊಡ್ಡಸ್ತಿಕೆ. ಈ ಪ್ರೊಫೆಸರರಿಗೆ ಎಲ್ಲವೂ ಗೊತ್ತಿತ್ತು.

ಹೊರಡುವಾಗ ಮಾವನವರು ಕೋಟು ಹಾಕಿಕೊಳ್ಳಲು ಒಳಗೆ ಹೋದರು. ಗೇಟಿನ ಹತ್ತಿರ ಪ್ರೊಫೆಸರರು ಒಬ್ಬರೇ ಇದ್ದರು. ನಾನು ಹೋಗಿ ಕೇಳಿಯೇಬಿಟ್ಟೆ.

"ಆ ನೀರು ನೋಡಿದಿರಲ್ಲ?"

"ನೋಡ್ದೆ ತಾಯಿ. ಮನೆಗೆ ಕರೆದು ಉಪಚಾರ ಮಾಡಿದೋರ ಮುಖದ ಮೇಲೆ ಹೇಳೋಕಾಗುತ್ತಾ? ಇದನ್ನ ನಾನು ಎಲ್ಲೂ ಬರೆಯಲ್ಲ. ಅಷ್ಟು ಸಾಕಲ್ವಾ?"

"ಅದರ ಕಾಲು?"

ಅವರು ಗಡಿಯಾರ ನೋಡಿಕೊಂಡರು. "ಬಸ್ಸಿಗೆ ಹೊತ್ತಾಯ್ತು," ಎಂದರು.

ಅಷ್ಟು ಹಕ್ಕಿಗಳ ಹೆಸರು ಬಲ್ಲ ಬಾಯಿಂದ ಆ ಕಾಲಿನ ಬಗ್ಗೆ ಹೊರಟದ್ದು ಅದೊಂದೇ ಮಾತು. ಅವರನ್ನು ಬಿಟ್ಟುಬರಲು ಮಾವನವರು ಟಾಂಗಾದಲ್ಲಿ ಜೊತೆಗೆ ಹೋದರು.

ನಾನು ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಗೇಟಿನ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು. ಒಳಗೆ ಹೋಗಿ ಮಿಷಿನ್ನಿನ ಮೇಲಿದ್ದ ಕತ್ತರಿ ತಂದರು. ಆದರೆ ಆಗಲೇ ಕತ್ತರಿಸಲಿಲ್ಲ. ಸೀಬೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಸೆರಗಿನಿಂದ ಹಕ್ಕಿಗೆ ನೆರಳು ಮಾಡಿ ಕೂತರು. ಟಾಂಗಾ ವಾಪಸು ಬಂದು ಮಾವನವರು ಗೇಟು ತೆರೆದು ಒಳಗೆ ಬಂದ ಮೇಲೆ, ಅವರ ಕಣ್ಣೆದುರಿಗೇ, ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು ದಾರ ಕತ್ತರಿಸಿದರು.

"ಏ, ಏನೇ ಮಾಡ್ತಿದೀಯ? ಇನ್ನೂ ಎರಡು ಫೋಟೋ ಬಾಕಿ ಅವೆ!"

"ಇನ್ನೊಂದು ಹಕ್ಕಿಗೆ ದಾರ ಕಟ್ಟಿದ್ರೆ ನಾನು ತವರಿಗೆ ಹೊರಟೋಗ್ಬುಡ್ತೀನಿ," ಎಂದರು ಅತ್ತೆ, ದನಿ ಏರಿಸದೆ. "ಭಾನುವಾರ ಬರೋರಿಗೆ ಉಪ್ಪಿಟ್ಟು ನೀವೇ ಕೆದಕ್ಕೊಳ್ಳಿ."

"ಹೆಂಗಸರಿಗೆ ಕಲೆ ಅಂದ್ರೆ ಏನು ಗೊತ್ತು!"

"ಗೊತ್ತಿಲ್ಲ. ಉಪ್ಪಿಟ್ಟು ಗೊತ್ತು."

ಹಕ್ಕಿ ಅಂಗೈಯಿಂದ ಜಿಗಿದು ಕುಂಟುತ್ತಾ ಗೋರಂಟಿ ಬೇಲಿಯೊಳಗೆ ಸೇರಿಕೊಂಡಿತು. ಅರ್ಧ ಹಸಿರು, ಅರ್ಧ ಕಂದು. ಮಾರನೆಯ ದಿನ ಬೇಲಿಯ ಬುಡವನ್ನೆಲ್ಲ ಹುಡುಕಿದೆ. ಸತ್ತದ್ದು ಸಿಗಲಿಲ್ಲ, ಬದುಕಿದ್ದೂ ಕಾಣಲಿಲ್ಲ. ಸಿಕ್ಕದಿದ್ದದ್ದೇ ಒಳ್ಳೆಯದು ಎಂದು ಅತ್ತೆ ಹೇಳಿದರು.

ಮಾವನವರು ಹಕ್ಕಿ ತರಿಸುವುದನ್ನು ನಿಲ್ಲಿಸಿದರು. ಮನಸ್ಸು ಕರಗಿ ಅಲ್ಲ, ಅದು ಕರಗುವ ಮನಸ್ಸೇ ಆಗಿರಲಿಲ್ಲ. ಭಾನುವಾರದ ಹೊಗಳಿಕೆ ತಪ್ಪೀತೆಂಬ ಭಯ. ಸ್ನೇಹಿತರು ಕೇಳಿದರೆ, "ಹಕ್ಕಿಗಳನ್ನೆಲ್ಲ ಮುಗಿಸಿದೆ, ಈಗ ಹೂವು ಹಿಡಿದಿದ್ದೀನಿ" ಎನ್ನುತ್ತಿದ್ದರು. ಆ ಮಾತಿನ ಇನ್ನೊಂದು ಅರ್ಥ ಅವರಿಗಾಗಲಿ ಕೇಳಿದವರಿಗಾಗಲಿ ಹೊಳೆಯುತ್ತಿರಲಿಲ್ಲ. ಬಣ್ಣ ಹಚ್ಚಿಸಿದ ಆ ರಾಟವಾಳ ಅವರಿರುವವರೆಗೂ ನಡುಮನೆಯ ಗೋಡೆಯ ಮೇಲೇ ಇತ್ತು. ಬಂದವರಿಗೆಲ್ಲ ಅದರ ಕತೆ ಹೇಳುತ್ತಿದ್ದರು, ಪ್ರೊಫೆಸರರು ಬಂದು ಒಪ್ಪಿಹೋದದ್ದನ್ನೂ ಸೇರಿಸಿ.

ಅವರು ಹೊಸದಾಗಿ ನೆಡಿಸಿದ ಗುಲಾಬಿ ಗಿಡದ ಮುಂದೆ ಸ್ಟ್ಯಾಂಡು ಇಟ್ಟುಕೊಂಡು ನನ್ನನ್ನು ಕೂಗುವರು. ಇಬ್ಬನಿಯ ಹಾಗೆ ಕಾಣಲು ದಳಗಳ ಮೇಲೆ ನೀರು ಚಿಮುಕಿಸಬೇಕಿತ್ತು. ನಾನು ಹೋಗಿ ಚಿಮುಕಿಸುತ್ತಿದ್ದೆ. ಗುಲಾಬಿಗೆ ಅದರಿಂದ ನೋವೇನೂ ಆಗುತ್ತಿರಲಿಲ್ಲ.